ನಳಪಾಕದಿಂದ ‘ಒಗ್ಗರಣೆ’ಯವರೆಗೆ

ನಮ್ಮ ಚಲಚ್ಚಿತ್ರಗಳ ನಾಯಕನು ಹಾಡುತ್ತಾನೆ, ಕುಣಿಯುತ್ತಾನೆ, ಹತ್ತು ಜನರನ್ನು ಒಬ್ಬನೇ ಹೊಡೆದು ಕೆಡವುತ್ತಾನೆ. ಹಸಿದು ಕುಳಿತು ಉಣ್ಣುವುದು ಮಾತ್ರ ಅಪರೂಪ. ಊಟದ ದೃಶ್ಯವೊಂದು ಬಂದರೆ ಅದು ಬಹುಮಟ್ಟಿಗೆ ಜಗಳಕ್ಕೆ ಪೀಠಿಕೆ. ತಟ್ಟೆಯನ್ನು ತಳ್ಳಿ ಏಳಲೆಂದೇ ಅಲ್ಲಿ ಅನ್ನವನ್ನು ಬಡಿಸಿರುತ್ತಾರೆ. ತುತ್ತು ಬಾಯಿಗೆ ಹೋದ ಮೇಲೆ ಆ ಮನುಷ್ಯನ ಮುಖ ಹೇಗಾಯಿತು, ಅದು ಅವನಿಗೆ ಹಿತವಾಯಿತೇ, ಮತ್ತೊಂದು ಸೌಟು ಬೇಕೆನಿಸಿತೇ ಎಂಬುದನ್ನು ನೋಡುವಷ್ಟು ವ್ಯವಧಾನ ಕ್ಯಾಮೆರಾಕ್ಕೆ ಇರುವುದಿಲ್ಲ.

ಈ ಕಾರಣದಿಂದಲೇ ಪ್ರಕಾಶ್ ರಾಜ್ ನಿರ್ದೇಶಿಸಿ ತಾವೇ ನಾಯಕರಾಗಿ ನಟಿಸಿದ ‘ಒಗ್ಗರಣೆ’ 2014ರಲ್ಲಿ ಬಂದಾಗ ಅದಕ್ಕೊಂದು ಹೊಸತನವಿತ್ತು. ಅದರ ಮೂಲ ಮಲೆಯಾಳದ್ದು. ಆಶಿಕ್ ಅಬು 2011ರಲ್ಲಿ ತೆಗೆದ ‘ಸಾಲ್ಟ್ ಎನ್ ಪೆಪ್ಪರ್’. ಪ್ರಕಾಶ್ ರಾಜ್ ಆ ಕಥೆಯನ್ನು ಕನ್ನಡ, ತೆಲುಗು, ತಮಿಳು ಮೂರರಲ್ಲಿಯೂ ಮಾಡಿದರು. ಹತ್ತು ವರ್ಷಗಳಿಗೂ ಮಿಕ್ಕು ಕಾಲ ಸಂದ ಮೇಲೆ ಈಚೆಗೆ ಮತ್ತೊಮ್ಮೆ ಆ ಚಿತ್ರವನ್ನು ನೋಡಿದೆ. ಮೊದಲ ಸಲ ಮೆಚ್ಚಿದ್ದನ್ನು ಈ ಸಲವೂ ಮೆಚ್ಚಿದೆ. ಆದರೆ ಬಳ್ಳಾರಿಯಲ್ಲಿ ಕುಳಿತು ನೋಡುವವನಿಗೆ ಕೆಲವು ಪ್ರಶ್ನೆಗಳು ಏಳುತ್ತವೆ. ಅವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಥೆಯನ್ನು ನೋಡದವರಿಗಾಗಿ ಎರಡು ಮಾತು. ಕಾಳಿದಾಸ ಪುರಾತತ್ತ್ವ ಇಲಾಖೆಯವನು, ನಲವತ್ತು ದಾಟಿದ ಬ್ರಹ್ಮಚಾರಿ, ನಾಲಗೆಯ ಭಕ್ತ. ಗೌರಿ ಚಲಚ್ಚಿತ್ರಗಳಲ್ಲಿ ಬೇರೆಯವರ ತುಟಿಗೆ ತನ್ನ ಧ್ವನಿಯನ್ನು ಕೊಡುವ ಕಲಾವಿದೆ, ಅವಳಿಗೂ ಮದುವೆಯಾಗಿಲ್ಲ. ದೋಸೆ ತರಿಸಲೆಂದು ಅವಳು ಮಾಡಿದ ದೂರವಾಣಿ ಕರೆ ತಪ್ಪಿ ಇವನಿಗೆ ಹೋಗುತ್ತದೆ. ಮೊದಲು ಜಗಳ, ಆಮೇಲೆ ಅಡುಗೆಯ ಮಾತು, ಆಮೇಲೆ ಮಾತಿಗಾಗಿ ಕಾಯುವ ಅಭ್ಯಾಸ. ಮುಖತಃ ಭೇಟಿಯ ಗಳಿಗೆ ಬಂದಾಗ ಇಬ್ಬರಿಗೂ ತಮ್ಮ ವಯಸ್ಸಿನ, ರೂಪದ ಅಂಜಿಕೆ ಹಿಡಿಯುತ್ತದೆ. ಒಬ್ಬರಿಗೆ ತಿಳಿಯದಂತೆ ಮತ್ತೊಬ್ಬರು ತಮ್ಮ ಬದಲಿಗೆ ಎಳೆಯರನ್ನು ಕಳುಹಿಸುತ್ತಾರೆ. ಆ ಎಳೆಯರು ತಮ್ಮಲ್ಲಿಯೇ ಪ್ರೀತಿಯನ್ನು ಬೆಳೆಸಿಕೊಳ್ಳುತ್ತಾರೆ. ಗೌರಿಯಾಗಿ ಸ್ನೇಹಾ ಅಭಿನಯಿಸಿದ್ದಾರೆ, ಸಂಗೀತ ಇಳಯರಾಜರದು. ಜಯಂತ ಕಾಯ್ಕಿಣಿಯವರು ಬರೆದು ಕೈಲಾಶ್ ಖೇರ್ ಹಾಡಿದ ರುಚಿಯ ಹಾಡಂತೂ ಚಿತ್ರವನ್ನು ಮರೆತವರ ಬಾಯಲ್ಲಿಯೂ ಉಳಿದಿದೆ.

ಹೆಸರಿನಿಂದಲೇ ಆರಂಭಿಸೋಣ. ಬೆಂಗಳೂರು, ಮೈಸೂರುಗಳ ಪ್ರೇಕ್ಷಕನಿಗೆ ಒಗ್ಗರಣೆಯೆಂದರೆ ಅಡುಗೆಯ ಒಂದು ಕ್ರಿಯೆ. ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ ಸಾರಿನ ಮೇಲೆ ಸುರಿಯುವುದು. ನಮ್ಮೂರಿನವನಿಗೆ ಅದು ಒಂದು ತಿಂಡಿಯ ಹೆಸರು. ಬಳ್ಳಾರಿಯ ಯಾವುದೇ ಬೀದಿಯ ತಿಂಡಿ ಅಂಗಡಿಯಲ್ಲಿ ಬೆಳಿಗ್ಗೆ ನಿಂತು ‘ಒಂದು ಒಗ್ಗರಣಿ, ಎರಡು ಮಿರ್ಚಿ’ ಎಂದರೆ, ಮಂಡಕ್ಕಿಯನ್ನು ನೀರಿಗೆ ಹಾಕಿ ತೆಗೆದು ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದಲ್ಲಿ ಹೊರಳಿಸಿ, ಪುಟಾಣಿಯ ಪುಡಿ ಉದುರಿಸಿದ ತಟ್ಟೆ ಕೈಗೆ ಬರುತ್ತದೆ. ಗಡಿಯಾಚೆ ಅನಂತಪುರ, ಕರ್ನೂಲುಗಳಲ್ಲಿ ಇದೇ ‘ಉಗ್ಗಾಣಿ’. ಸಿರುಗುಪ್ಪದ ಬಸ್ಸಿನಿಂದಿಳಿದು ತರಗತಿಗೆ ಬರುವ ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ ಮಧ್ಯಾಹ್ನದವರೆಗೆ ಇದೇ ಆಧಾರ. ಹೀಗಾಗಿ ಚಿತ್ರದ ಭಿತ್ತಿಪತ್ರವನ್ನು ಮೊದಲು ಕಂಡಾಗ ಇಲ್ಲಿಯ ಜನ ಇದು ನಮ್ಮ ಮಂಡಕ್ಕಿಯ ಕಥೆಯೇ ಇರಬೇಕೆಂದು ಭಾವಿಸಿದ್ದರೆ ಅವರನ್ನು ದೂರುವಂತಿಲ್ಲ. ಚಿತ್ರದ ಒಗ್ಗರಣೆ ಅದಲ್ಲ. ಅದು ಯಾವ ಊರಿನದೂ ಅಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ.

ಆದರೂ ಆ ಹೆಸರಿನಲ್ಲಿ ಒಂದು ಜಾಣ್ಮೆಯುಂಟು. ಚಲಚ್ಚಿತ್ರಕ್ಕೆ ಕಣ್ಣು ಕಿವಿಗಳಿವೆ, ಮೂಗು ನಾಲಗೆಗಳಿಲ್ಲ. ರುಚಿಯ ಕಥೆಯನ್ನು ಹೇಳಹೊರಟ ನಿರ್ದೇಶಕನಿಗೆ ಇದಕ್ಕಿಂತ ದೊಡ್ಡ ಬಡತನ ಯಾವುದು? ತೆರೆಯ ಮೇಲೆ ಎಂಥ ಹೋಳಿಗೆಯನ್ನು ತೋರಿಸಿದರೂ ಅದು ಚಿತ್ರದ ಹೋಳಿಗೆಯೇ. ಅಡುಗೆಯ ಕ್ರಿಯೆಗಳಲ್ಲಿ ಒಗ್ಗರಣೆಯೊಂದು ಮಾತ್ರ ಮೊದಲು ಕಿವಿಗೆ ಮುಟ್ಟಿ ಆಮೇಲೆ ಮೂಗಿಗೆ ಬರುತ್ತದೆ. ಸಾಸಿವೆ ಸಿಡಿದ ಸದ್ದಿಗೇ ಪಡಸಾಲೆಯಲ್ಲಿದ್ದವನ ಹಸಿವು ಎಚ್ಚರಗೊಳ್ಳುತ್ತದೆ. ಗೌರಿಯನ್ನು ಧ್ವನಿಕಲಾವಿದೆಯನ್ನಾಗಿ ಮಾಡಿರುವುದು ಈ ದೃಷ್ಟಿಯಿಂದ ಎಷ್ಟು ಉಚಿತ! ಪರರ ಪ್ರಣಯಕ್ಕೆ ಧ್ವನಿ ಕೊಟ್ಟು ಬದುಕುವ ಹೆಣ್ಣು ತನ್ನ ಪ್ರಣಯವನ್ನೂ ಧ್ವನಿಯಿಂದಲೇ ನಡೆಸುತ್ತಾಳೆ. ಅವರಿಬ್ಬರು ದೂರವಾಣಿಯಲ್ಲಿ ಅಡುಗೆಯ ಮಾತಾಡುವಾಗ ಪ್ರೇಕ್ಷಕನೂ ಅವರ ಸ್ಥಿತಿಯಲ್ಲಿಯೇ ಇರುತ್ತಾನೆ: ಕೇಳಬಲ್ಲ, ಉಣ್ಣಲಾರ. ಚಿತ್ರದ ಅತ್ಯುತ್ತಮ ಭಾಗ ಇದು. ನಡುವಯಸ್ಸಿನ ಇಬ್ಬರಿಗೆ ಹಸಿವೆಯ ಹಕ್ಕುಂಟು, ಆ ಹಸಿವೆ ನಗೆಪಾಟಲಿನ ವಸ್ತುವಲ್ಲ ಎಂದು ನಮ್ಮ ಚಿತ್ರರಂಗ ಇಷ್ಟು ಸಭ್ಯವಾಗಿ ಹೇಳಿದ್ದು ಕಡಮೆ.

ಇದನ್ನು ಹೊಸ ಕಲ್ಪನೆಯೆಂದು ಹೊಗಳಿದವರು ನಮ್ಮಲ್ಲಿದ್ದಾರೆ. ಕನ್ನಡ ಓದಿದವರು ಹಾಗೆನ್ನಲಾರರು. ನಾಲಗೆಯಿಂದ ಪ್ರಿಯನನ್ನು ಗುರುತಿಸಿದ ಕಥೆ ಮಹಾಭಾರತದ ವನಪರ್ವದಷ್ಟು ಹಳೆಯದು. ಕನಕದಾಸರ ‘ನಳಚರಿತ್ರೆ’ಯಿಂದ ಅದು ಕನ್ನಡದ ಮನೆಮಾತಾಗಿದೆ. ಕಾರ್ಕೋಟಕನು ಕಚ್ಚಿ ನಳನ ರೂಪ ಕೆಟ್ಟಿದೆ. ಬಾಹುಕನೆಂಬ ಕುರೂಪಿ ಸಾರಥಿಯಾಗಿ ಅವನು ಬಂದಿದ್ದಾನೆ. ದಮಯಂತಿಗೆ ಸಂಶಯ. ಕಣ್ಣು ಸಾಕ್ಷಿ ಹೇಳಲೊಲ್ಲದು. ಆಗ ಮೂಲಕಥೆಯ ದಮಯಂತಿ ಮಾಡುವುದೇನು? ಬಾಹುಕನು ಬೇಯಿಸಿದ್ದನ್ನು ದಾಸಿಯ ಕೈಯಲ್ಲಿ ತರಿಸಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅಷ್ಟೇ, ಇವನು ನಳನೆಂದು ಅವಳಿಗೆ ತಿಳಿದುಹೋಗುತ್ತದೆ. ನಳನ ಕೈಗುಣ ಸ್ವಯಂವರದ ದಿನ ದೇವತೆಗಳು ಕೊಟ್ಟ ವರಗಳ ಫಲ. ಅನ್ನದ ರಸವನ್ನು ಕೊಟ್ಟವನು ಯಮ. (ಯಮಧರ್ಮನಿಗೂ ಅಡುಗೆಗೂ ಇರುವ ಈ ನಂಟನ್ನು ವಿದ್ಯಾರ್ಥಿನಿಲಯದ ಊಟ ಉಂಡವರು ಬೇಗ ಒಪ್ಪುತ್ತಾರೆ.)

ಕಾಳಿದಾಸ ಗೌರಿಯರ ಮುಖಗೇಡಿತನಕ್ಕೂ ಬಾಹುಕನ ವೇಷಕ್ಕೂ ಎಷ್ಟು ಹತ್ತಿರವೆಂಬುದನ್ನು ಸಹೃದಯರು ಗಮನಿಸಬೇಕು. ಅಲ್ಲಿ ಕಾರ್ಕೋಟಕನ ಕಡಿತ ರೂಪವನ್ನು ಮರೆಸಿತು. ಇಲ್ಲಿ ಅಂಜಿಕೆ ಮರೆಸಿದೆ. ಅಲ್ಲಿ ಮರೆಯನ್ನು ಕಳೆದದ್ದು ರುಚಿ. ಇಲ್ಲಿ? ಕಥೆಗಾರನು ಇಷ್ಟು ಸುಂದರವಾಗಿ ಹೂಡಿದ ಆಟದಲ್ಲಿ ನಾಲಗೆಯೇ ಕೊನೆಯ ಸಾಕ್ಷಿಯಾಗಬೇಕಿತ್ತು. ಎಳೆಯ ಜೋಡಿಯ ಕಳ್ಳಾಟ ಆರಂಭವಾದದ್ದೇ ತಡ, ಒಲೆ ಆರುತ್ತದೆ; ಯಾರು ಯಾರೆಂಬ ಗೊಂದಲವೇ ಚಿತ್ರವಾಗುತ್ತದೆ. ನನ್ನ ಮಟ್ಟಿಗೆ ಚಿತ್ರದ ಉತ್ತರಾರ್ಧ ತನ್ನ ಹೆಸರನ್ನೇ ಮರೆತಿದೆ. ಗೌರಿ ಒಂದು ತುತ್ತು ಉಂಡು ‘ಇದು ಆ ಧ್ವನಿಯ ಕೈಯಡುಗೆ’ ಎನ್ನುವ ಗಳಿಗೆಯನ್ನು ನಾನು ಎರಡು ಸಲವೂ ಕಾದೆ.

ಇನ್ನೊಂದು ದೃಶ್ಯವನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಏಕೆಂದರೆ ಅಲ್ಲಿ ಎಲ್ಲರೂ ನಗುತ್ತಾರೆ. ಕಾಳಿದಾಸ ಹೆಣ್ಣು ನೋಡಲು ಹೋಗುತ್ತಾನೆ. ತಟ್ಟೆಯಲ್ಲಿ ತಿಂಡಿ ಬರುತ್ತದೆ. ತಿಂಡಿಯ ರುಚಿಗೆ ಮರುಳಾಗಿ, ಹೆಣ್ಣನ್ನು ಬಿಟ್ಟು, ಅದನ್ನು ಮಾಡಿದ ಅಡುಗೆಯವನನ್ನೇ ಮನೆಗೆ ಕರೆದುಕೊಂಡು ಬರುತ್ತಾನೆ. ಹಾಸ್ಯವೇನೋ ಸರಿ. ಆದರೆ ಆ ಹಾಸ್ಯ ಯಾವ ನೆಲದ ಮೇಲೆ ನಿಂತಿದೆಯೆಂದು ಯೋಚಿಸಿದರೆ ನಗು ಅರ್ಧದಲ್ಲಿ ನಿಲ್ಲುತ್ತದೆ. ವಧುಪರೀಕ್ಷೆಗೆ ಹೋದವನು ಅಡುಗೆಯವನನ್ನು ತಂದರೂ ಮನೆಯ ಕೊರತೆ ತುಂಬಿತೆಂದಾದರೆ, ಅವನು ಹುಡುಕಿಕೊಂಡು ಹೋದದ್ದಾದರೂ ಏನನ್ನು? ನಮ್ಮ ಗೃಹಸ್ಥರು ಬಾಯಿಬಿಟ್ಟು ಹೇಳದ ಸತ್ಯವನ್ನು ಈ ದೃಶ್ಯ ಹೇಳಿಬಿಟ್ಟಿದೆ. ನಿರ್ದೇಶಕರು ಅದನ್ನು ತಿಳಿದೇ ಹೇಳಿದ್ದರೆ ಮೆಚ್ಚತಕ್ಕದ್ದು. ಆದರೆ ತಿಳಿದು ಹೇಳಿದವರು ಆ ಹೆಣ್ಣಿನ ಮುಖದ ಕಡೆಗೆ ಇನ್ನೊಂದು ಗಳಿಗೆ ಕ್ಯಾಮೆರಾವನ್ನು ತಿರುಗಿಸಬಹುದಿತ್ತು. ಅಲಂಕರಿಸಿಕೊಂಡು ತಟ್ಟೆ ಹಿಡಿದು ಬಂದು, ತಟ್ಟೆಯೇ ಗೆದ್ದುದನ್ನು ಕಂಡವಳು ಅವಳು. ಕುರುಗೋಡಿನ ಕಡೆಯಿಂದ ಬರುವ ನನ್ನ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಈ ದೃಶ್ಯದ ಚರ್ಚೆಯಲ್ಲಿ, ‘ಸರ್, ನಮ್ಮನೇಲಿ ಹಂಗ ಬಂದೋರು ಮೂರು ಸಲ ಉಪ್ಪಿಟ್ಟು ಹಾಕಿಸ್ಕೊಂಡ್ರು, ಆಮ್ಯಾಲೆ ಸುದ್ದಿನೇ ಇಲ್ಲ’ ಎಂದಳು. ತರಗತಿ ನಕ್ಕಿತು. ಅವಳೂ ನಕ್ಕಳು, ಆದರೆ ಉಪ್ಪಿಟ್ಟು ಕೆದಕಿದವರು ಯಾರೆಂದು ಯಾರೂ ಕೇಳಲಿಲ್ಲ.

ಗಂಡಸು ಸೌಟು ಹಿಡಿದದ್ದೇ ಈ ಚಿತ್ರದ ಪ್ರಗತಿಯೆಂದು ಕೆಲವರು ವಾದಿಸುವುದುಂಟು. ನಮ್ಮಲ್ಲಿ ಗಂಡಸಿನ ಕೈಯಡುಗೆಗೆ ಯಾವಾಗಲೂ ಮಾನ್ಯತೆಯಿತ್ತು. ‘ನಳಪಾಕ’, ‘ಭೀಮಪಾಕ’ ಎಂಬ ಮಾತುಗಳಿವೆ. ‘ದಮಯಂತೀಪಾಕ’, ‘ದ್ರೌಪದೀಪಾಕ’ ಎಂಬವಿಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಕ್ಕೊಂದು ಅಧ್ಯಾಯ ಮೀಸಲಾಗಿದೆ, ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂದು ಷಟ್ಪದಿಯಲ್ಲಿ ಒಂದು ಗ್ರಂಥವನ್ನೇ ರಚಿಸಿದ. ಶಾಸ್ತ್ರ ಗಂಡಸಿನದು, ದಿನದ ಎರಡು ಹೊತ್ತಿನ ಒಲೆ ಹೆಂಗಸಿನದು. ಕಾಳಿದಾಸನ ಅಡುಗೆಯೂ ಶಾಸ್ತ್ರದ ಕಡೆಯದೇ. ಅವನಿಗೆ ರುಚಿ ರಸಾನುಭವ. ಪಾತ್ರೆ ತೊಳೆಯುವ ಹೊತ್ತಿಗೆ ದೃಶ್ಯ ಮುಗಿದಿರುತ್ತದೆ.

ಅದಿರಲಿ. ಚಿತ್ರದ ಮೂರು ಹೆಸರುಗಳನ್ನು ಒತ್ತೊತ್ತಿಗೆ ಇಟ್ಟು ನೋಡಿದಾಗ ನನಗೆ ಹೆಚ್ಚು ಕುತೂಹಲವೆನಿಸಿತು. ತಮಿಳಿನಲ್ಲಿ ಇದು ‘ಉನ್ ಸಮಯಲ್ ಅಱೈಯಿಲ್’, ಎಂದರೆ ‘ನಿನ್ನ ಅಡುಗೆಮನೆಯಲ್ಲಿ’. ಅದೊಂದು ಪ್ರೇಮಪತ್ರದ ಧಾಟಿ. ಕನ್ನಡದಲ್ಲಿ ‘ಒಗ್ಗರಣೆ’, ಒಂದು ಕ್ರಿಯೆ. ತೆಲುಗಿನಲ್ಲಿ ಮಾತ್ರ ‘ಉಲವಚಾರು ಬಿರಿಯಾನಿ’. ಉಲವಚಾರು ಎಂದರೆ ಹುರುಳಿಯ ಸಾರು. ಬಡವನ ಕಟ್ಟುಸಾರನ್ನೂ ನವಾಬನ ಬಿರಿಯಾನಿಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಹೆಸರು. ಕಥೆ ಒಂದೇ, ನಾಯಕ ನಾಯಕಿಯರೂ ಅವರೇ. ಆದರೆ ತೆಲುಗಿನ ಹೆಸರಿಗೆ ಮಾತ್ರ ಒಂದು ಕಾಳು ಇದೆ, ಆ ಕಾಳು ಬೆಳೆದ ಹೊಲವಿದೆ. ಎರಡು ನುಡಿಗಳನ್ನಾಡುವ ಬಳ್ಳಾರಿಯವರು ಈ ವ್ಯತ್ಯಾಸವನ್ನು ಬೇಗ ಹಿಡಿಯುತ್ತೇವೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಊರು ಮದರಾಸಿನ ಆಡಳಿತದಲ್ಲಿತ್ತು. ಅದೇ ದಿನ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗೆರೆ ಎಳೆದವರು ಮಾತನ್ನು ಲೆಕ್ಕ ಹಾಕಿದರು. ಹುರುಳಿಯ ಸಾರು ಗೆರೆಯ ಎರಡೂ ಕಡೆಗೆ ಉಳಿಯಿತು.

ಹುರುಳಿಯ ಮಾತು ಬಂದಮೇಲೆ ನಾಯಕನ ಉದ್ಯೋಗವನ್ನು ನೆನೆಯದಿರುವುದು ಹೇಗೆ? ಕಾಳಿದಾಸ ಪುರಾತತ್ತ್ವಜ್ಞ. ನೆಲ ಅಗೆದು ಹಳೆಯದನ್ನು ಎತ್ತುವುದು ಅವನ ಕಾಯಕ. ಹಳೆಯ ರುಚಿಗಳನ್ನು ಹುಡುಕುವುದು ಅವನ ಚಪಲ. ಈ ಎರಡಕ್ಕೂ ಚಿತ್ರದಲ್ಲಿ ಪರಿಚಯವೇ ಇಲ್ಲ! ಬಳ್ಳಾರಿಯಲ್ಲಿ ಅವೆರಡೂ ಒಂದೇ ಗುಂಡಿಯಲ್ಲಿ ಸಿಕ್ಕಿವೆ. ಊರಿನಿಂದ ಕೆಲವೇ ಮೈಲಿಗಳ ದೂರದಲ್ಲಿ ಸಂಗನಕಲ್ಲಿನ ಗುಡ್ಡಗಳಿವೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಜಿಲ್ಲೆಯ ನವಶಿಲಾಯುಗದ ನೆಲೆಗಳನ್ನು ಗುರುತಿಸಿದರು, ಬಿ. ಸುಬ್ಬರಾವ್ ಅವರು ಇಲ್ಲಿ ಅಗೆದು 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತು ಗ್ರಂಥ ಪ್ರಕಟಿಸಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಕಲ್ಲಿನ ಕೊಡಲಿ, ಬೂದಿದಿಬ್ಬ, ಮಡಕೆಯ ಚೂರು, ಇವುಗಳಷ್ಟೇ ಆಗ ಹೆಸರು ಮಾಡಿದವು. ಆಮೇಲೆ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮುಂತಾದವರು ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರು. ಮಣ್ಣು ಕೆಳಗಿಳಿಯಿತು, ಸುಟ್ಟು ಕರಿಯಾಗಿ ಉಳಿದಿದ್ದ ಕಾಳುಗಳು ತೇಲಿದವು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಕಾಳುಗಳು. ಅವುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಬಳಗದ ಒಂದು ಹುಲ್ಲಿನ ಬೀಜ. ಯಾರೋ ಒಬ್ಬಾಕೆಯ ಒಲೆಯ ಬಳಿ ಚೆಲ್ಲಿ, ಬೂದಿಯಲ್ಲಿ ಬಿದ್ದು, ತಿನ್ನಲು ಬಾರದಷ್ಟು ಸುಟ್ಟುದರಿಂದಲೇ ಉಳಿದ ಕಾಳು!

ಇದನ್ನು ಹೇಳುವಾಗ ನನ್ನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗುವುದು ಇದ್ದ ಕಾಳುಗಳಿಗಿಂತ ಇರದ ಕಾಳುಗಳನ್ನು ಕುರಿತು. ಈ ನೆಲದ ಆದಿ ಆಹಾರವೆಂದು ನಾವು ನಂಬಿರುವ ಜೋಳ ಆ ಆರಂಭದ ಪಟ್ಟಿಯಲ್ಲಿಲ್ಲ. ಅದು ಆಫ್ರಿಕದಿಂದ ಬಂದು ಆಮೇಲೆ ನಮ್ಮದಾಯಿತು. ಇಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಪ್ಪುಮಣ್ಣಿನಲ್ಲಿ ಕೆಂಪಗೆ ಹರಡುವ ಮೆಣಸಿನಕಾಯಿ ಪೋರ್ತುಗೀಸರ ಹಡಗುಗಳ ಕಾಲದ್ದು. ಶೇಂಗಾ, ಟೊಮೇಟೊಗಳೂ ಅದೇ ಅಮೆರಿಕದ ಕಡೆಯಿಂದ ಬಂದವು. ಕೃಷ್ಣದೇವರಾಯನ ಅರಮನೆಯ ಖಾರ ಕರಿಮೆಣಸಿನದು. ಹಾಗಾದರೆ ಸಾಸಿವೆಯ ಜೊತೆಗೆ ಒಣಮೆಣಸಿನಕಾಯಿ ಮುರಿದು ಹಾಕುವ ನಮ್ಮ ಒಗ್ಗರಣೆಗೆ ಐನೂರು ವರ್ಷವೂ ತುಂಬಿರಲಾರದು. ‘ಭಾರತೀಯ ಸಂಸ್ಕೃತಿ’ ಎಂಬ ಮಾತನ್ನು ಊಟದ ಎಲೆಯ ಮುಂದೆ ಗಟ್ಟಿಯಾಗಿ ಆಡುವವರು ಎಲೆಯ ಮೇಲಿನ ಒಂದೊಂದು ಪದಾರ್ಥದ ಊರು ಕೇರಿಯನ್ನು ವಿಚಾರಿಸುವುದು ಒಳ್ಳೆಯದು. ಬಂದವರು ಅನೇಕರು, ಮನೆಯಲ್ಲಿಯೇ ಹುಟ್ಟಿದ ಹುರುಳಿ ಹಿತ್ತಿಲಿನಲ್ಲಿ ಕುಳಿತಿದೆ.

‘ಒಗ್ಗರಣೆ’ಯ ಮೇಲೆ ನನ್ನ ಆಕ್ಷೇಪ ಇಲ್ಲಿಯೇ. ಅದರ ಊಟಕ್ಕೆ ನೆಲವಿಲ್ಲ. ತಟ್ಟೆಗಳು ಸುಂದರ, ಬಣ್ಣಗಳು ಸುಂದರ, ಉಣ್ಣುವ ಮುಖಗಳಲ್ಲಿ ನಿಜವಾದ ಸುಖವಿದೆ. ಆದರೆ ಆ ಅಕ್ಕಿ ಯಾವ ಕಾಲುವೆಯ ನೀರಿನದು, ಆ ಎಣ್ಣೆ ಯಾವ ಗಾಣದ್ದು ಎಂಬ ಕುತೂಹಲ ಅದಕ್ಕಿಲ್ಲ. ಒಂದೇ ಸಲಕ್ಕೆ ಮೂರು ರಾಜ್ಯಗಳಿಗೆ ಬಡಿಸಬೇಕಾದ ಅಡುಗೆಯಲ್ಲಿ ಉಪ್ಪು ಖಾರಗಳನ್ನು ಎಲ್ಲರ ಬಾಯಿಗೂ ಹೊಂದುವಂತೆ ಹಾಕಬೇಕಾಗುತ್ತದೆ, ನಿಜ. ಮದುವೆಮನೆಯ ಸಾರು ಹಾಗೆಯೇ ಇರುತ್ತದೆ. ಕಾಡಿನವನೊಬ್ಬನ ಉಪಕಥೆಯನ್ನು ಚಿತ್ರ ತಂದುಕೊಂಡಿದೆ. ನೆಲದ ನೆನಪಿಗೆ ಅದೊಂದು ದಾರಿಯಾಗಬಹುದಿತ್ತು. ಅದು ಮುಖ್ಯಕಥೆಗೆ ಅಂಟಲಿಲ್ಲ.

ನೆಲದ ಮಾತು ಬರಿಯ ಪಾಂಡಿತ್ಯವೆಂದು ಯಾರಾದರೂ ಅಂದುಕೊಂಡರೆ ಅವರು ಸಿರುಗುಪ್ಪಕ್ಕೆ ಬರಬೇಕು. ಅಲ್ಲಿಗೂ ದೇಶನೂರಿಗೂ ವಿಜಯನಗರದ ಕಾಲದ ಕಾಲುವೆಗಳು ಮೊದಲೇ ಇದ್ದವು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆದ ಮೇಲೆ ನೀರು ಇನ್ನೂ ದೂರ ಹರಿಯಿತು. ಈಗ ಕಣ್ಣು ಹರಿದಷ್ಟೂ ಭತ್ತ. ಊರ ತುಂಬ ಅಕ್ಕಿಯ ಗಿರಣಿಗಳು. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ವಾದ ಬೀಳುತ್ತದೆ, ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಭತ್ತ ಕಂದುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಸಿರುಗುಪ್ಪದ ಕಾಲುವೆಯ ಬದಿಯಲ್ಲಿ ಆ ತೀರ್ಪು ತಿರುವುಮುರುವಾಗಿದೆ. ಇದರಿಂದ ಬಡವನ ಮನೆಗೆ ಬಿಳಿಯ ಅನ್ನ ಬಂತು. ಹಬ್ಬಕ್ಕೊಮ್ಮೆ ಅಕ್ಕಿ ಕಂಡವರ ಮಕ್ಕಳು ದಿನವೂ ಉಂಡರು. ಇದನ್ನು ಹಗುರವಾಗಿ ಆಡುವ ಅಧಿಕಾರ ಹಸಿವೆಯನ್ನು ಕಾಣದ ನನ್ನಂಥ ಸಂಬಳದವನಿಗೆ ಇಲ್ಲ. ಆದರೂ ಹುಡುಗರನ್ನು ‘ನಿಮ್ಮ ಮನೆಯಲ್ಲಿ ಹುರುಳಿಯ ಸಾರು ಮಾಡುತ್ತಾರೆಯೇ?’ ಎಂದು ಕೇಳಿದಾಗ ಅವರು ಪಕ್ಕದವನ ಮುಖ ನೋಡಿ ಆಮೇಲೆ ಕೈ ಎತ್ತುವುದು ನನಗೆ ಹಿಡಿಸುವುದಿಲ್ಲ. ಬಿರಿಯಾನಿಗೆ ಎತ್ತುವ ಕೈ ಹಾಗೆ ಅನುಮಾನಿಸುವುದಿಲ್ಲ. ಇಂಥ ಸಂಕೋಚವನ್ನು ಕಳೆಯುವ ಶಕ್ತಿ ಉಪನ್ಯಾಸಕ್ಕಿಂತ ಚಲಚ್ಚಿತ್ರಕ್ಕೆ ಹೆಚ್ಚು. ತೆಲುಗಿನವರು ಹೆಸರಿನಲ್ಲಿಯೇ ಆ ಕೆಲಸ ಮಾಡಿದರು.

ಕಾಳಿದಾಸನಿಗೆ ಬಳ್ಳಾರಿಗೆ ವರ್ಗವಾಗಿದ್ದರೆ? ಹಗಲೆಲ್ಲ ಸಂಗನಕಲ್ಲಿನಲ್ಲಿ ಮಣ್ಣು ಕದಡಿ, ತೇಲಿದ ನಾಲ್ಕು ಕರಿಯ ಕಾಳುಗಳನ್ನು ಕಾಗದದಲ್ಲಿ ಮಡಿಸಿಟ್ಟು, ರಾತ್ರಿ ಅದೇ ಕಾಳನ್ನು ಸಂತೆಯಿಂದ ತಂದು ನೆನೆಹಾಕುತ್ತಿದ್ದ. ಮರುದಿನ ಬೇಯಿಸಿ, ಕಟ್ಟನ್ನು ಬಸಿದು, ಹುಣಿಸೆ ಹಿಂಡಿ ಗಟ್ಟಿಯಾಗುವವರೆಗೆ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆಯ ಸದ್ದನ್ನು ಗೌರಿಗೆ ದೂರವಾಣಿಯಲ್ಲಿ ಕೇಳಿಸುತ್ತಿದ್ದ. ಅವಳು ಹಳ್ಳಿಯ ಅಡುಗೆಮನೆ ಕಂಡವಳಾಗಿದ್ದರೆ ಸಾರಿನ ರುಚಿಯನ್ನು ಮೊದಲು ಕೇಳುತ್ತಿರಲಿಲ್ಲ.

‘ಕಟ್ಟು ಬಸಿದಿರಿ, ಸರಿ. ಬೆಂದ ಕಾಳನ್ನು ಏನು ಮಾಡಿದಿರಿ?’

‘ಪಾತ್ರೆಯಲ್ಲಿಯೇ ಇದೆ. ಏನು ಮಾಡುತ್ತಾರೆ?’

‘ಅದು ಎತ್ತುಗಳ ಪಾಲು. ಅವುಗಳಿಗೆಂದೇ ಒಲೆಯ ಮೇಲೆ ಇಡುತ್ತಿದ್ದುದು. ಕಟ್ಟಷ್ಟೇ ನಮ್ಮದು.’

ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಬೀದಿಯಲ್ಲಿ ಸಿರುಗುಪ್ಪದ ಕಡೆಗೆ ಟ್ರ್ಯಾಕ್ಟರೊಂದು ಹೋಗುತ್ತಿರುತ್ತಿತ್ತು.